ಎಂಟು ಚೀಲ ಮರಳು

"ಒಂದ್ ಚೀಲವೂ ಇಳ್ಸುದಿಲ್ಲ! ಮೂವತ್ ವರ್ಷ ಕಡಲಂಗೆ ದೋಣಿ ಬಿಟ್ಟವ ನಾನ್. ಗಾಡಿ ಬಿಡುವವ ನಂಗ್ ಹೇಳಿಕೊಡುಕ್ ಬತ್ಯಾ?"

"ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಅದು ನೀರಾಗಿನ ಮಾತು. ಇದು ರಸ್ತೆ. ಇಷ್ಟು ಉಸುಕು ಹೇರಿದ್ರ ಕೆಳಗಿನ ಕಬ್ಬಿಣ ದೋಣಿ ಹೊಟ್ಟಿಗೆ ಬಡಿತೈತಿ."

"ಖಾಲಿ ದೋಣಿ ಕೊಣಿತ್ತ್ ಮರಾಯಾ! ಭಾರ ಇದ್ರೇ ಅದು ಸಮ ಕೂಕಂತ್. ನಿಮ್ಮೂರಗೆ ದೋಣಿ ಕಂಡಿದ್ಯಾ ನೀನ್?"

"ಕಂಡಿಲ್ರಿ. ಮುರಿದ ಸಾಮಾನು ಭಾಳ ಕಂಡೀನಿ."

ಕೂಗಾಡಿದವನು ಕುಷ್ಟ ಮೊಗವೀರ, ನನ್ನ ಯಜಮಾನ. ಎದುರು ನಿಂತವನು ಹಸನಸಾಬ, ಬಾಗಲಕೋಟೆ ಕಡೆಯಿಂದ ಜೀಪು, ಅದರ ಹಿಂದೆ ನನ್ನನ್ನು ಹೇರುವ ಟ್ರೇಲರ್ ತಂದ ಡ್ರೈವರ್. ಇಬ್ಬರ ನಡುವೆ ತಲೆಯ ರುಮಾಲು ಬಿಚ್ಚಿ ಕಟ್ಟುತ್ತಿದ್ದವನು ಯಂಕಪ್ಪ ಅಂಬಿಗೇರ, ನನ್ನನ್ನು ಕೊಂಡವನು. ಜಗಳ ನನ್ನ ಹೊಟ್ಟೆಯದು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ನಾನು ಒಂದು ಮರದ ದೋಣಿ. ಇಪ್ಪತ್ನಾಲ್ಕು ಅಡಿ ಉದ್ದ. ಗಂಗೊಳ್ಳಿಯ ಹೊಳೆಬದಿಯಲ್ಲಿ ವಾಸು ಆಚಾರಿ ಹೆಬ್ಬಲಸಿನ ಹಲಗೆ ಕೂಡಿಸಿ, ಸಂದಿಗೆ ಹತ್ತಿ ತುರುಕಿ, ಮೀನೆಣ್ಣೆ ಕುಡಿಸಿ ನನ್ನನ್ನು ಮಾಡಿದ. ಮೊದಲ ಸಲ ನೀರಿಗಿಳಿದಾಗ ಹೆದರಿದ್ದೆ. ಆಮೇಲೆ ಹೆದರಲಿಲ್ಲ. ನೀರು ನನ್ನ ಪ್ರತಿ ಹಲಗೆಯನ್ನೂ ಕೆಳಗಿನಿಂದ ಹಿಡಿದುಕೊಳ್ಳುತ್ತಿತ್ತು. ಅಲೆ ಎತ್ತಿದರೆ ಇಡೀ ಮೈ ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಇಳಿಯುತ್ತಿತ್ತು. ಗಾಳಿ ಜೋರಾದ ದಿನ ಕುಷ್ಟ ನನ್ನ ತಳದಲ್ಲಿ ಮರಳಿನ ಚೀಲ ಇಡುತ್ತಿದ್ದ. ಆಗ ನಾನು ಹೊರಳಾಡದೆ ನೆಟ್ಟಗೆ ಹೋಗುತ್ತಿದ್ದೆ. ಆ ಬುದ್ಧಿ ಅವನ ಪ್ರಾಣವನ್ನು ಎರಡು ಸಲ ಉಳಿಸಿದೆ. ಅದಕ್ಕೇ ಅವನಿಗೆ ಆ ಚೀಲಗಳ ಮೇಲೆ ದೇವರ ಮೇಲಿದ್ದಷ್ಟು ನಂಬಿಕೆ.

ಅವನ ಮೊಣಕಾಲು ಕೆಟ್ಟಿತು. ನನ್ನನ್ನು ದಡದಿಂದ ತಳ್ಳಲು ಆಗದಾಯಿತು. ಸೌದೆಗೆ ಕೇಳಿದವರಿಗೆ ಬಾಯಿಗೆ ಬಂದಂತೆ ಬೈದು ಓಡಿಸಿದ. ಯಂಕಪ್ಪ ಬಂದಾಗ ಮಾತ್ರ ಕೂರಿಸಿ ಚಾ ಕೊಟ್ಟ. ಯಂಕಪ್ಪನ ಊರಿನ ಸುತ್ತ ಕೃಷ್ಣೆಯ ಹಿನ್ನೀರು. ಆಚೆ ದಡಕ್ಕೆ ಜನರನ್ನು ಅವನು ಬುಟ್ಟಿಯಂಥ ದುಂಡು ಹರಗೋಲಿನಲ್ಲಿ ದಾಟಿಸುತ್ತಾನೆ. ಹೋದ ಮಳೆಗಾಲ ಗಾಳಿಗೆ ಹರಗೋಲು ಬುಗುರಿಯಂತೆ ಸುತ್ತಿ, ಒಳಗಿದ್ದ ಬಸುರಿಯೊಬ್ಬಳು ನೀರಿಗೆ ಬಿದ್ದು ಅರ್ಧ ಜೀವವಾಗಿ ದಡ ಸೇರಿದ್ದಳಂತೆ. ಈ ಸಲ ನೀರು ಏರುವ ಮೊದಲು ಅವನಿಗೆ ಗಟ್ಟಿ ದೋಣಿ ಬೇಕಿತ್ತು.

"ನಾನೇ ಬಂದ್, ನೀರಿಗಿಳ್ಸಿ, ಹಗ್ಗ ನಿನ್ ಕೈಗ್ ಕೊಡ್ತೆ" ಎಂದು ಕುಷ್ಟ ಮಾತು ಕೊಟ್ಟಿದ್ದ.

ಜಗಳದಲ್ಲಿ ಕುಷ್ಟನೇ ಗೆದ್ದ. ದೊಡ್ಡ ದನಿಯವರೇ ಗೆಲ್ಲುವುದು. ಎಂಟು ಚೀಲ ಮರಳು ನನ್ನೊಳಗೇ ಉಳಿಯಿತು.

ಉಳಿದದ್ದನ್ನೆಲ್ಲ ಅವನು ಸರಿಯಾಗಿಯೇ ಮಾಡಿದ, ಸುಳ್ಳು ಹೇಳಲಾರೆ. ಇಂಜಿನ್ ಬಿಚ್ಚಿ ಜೀಪಿನೊಳಗೆ ಇಟ್ಟ. ಮಳೆ ಬಂದರೆ ನೀರು ನಿಲ್ಲಬಾರದೆಂದು ತಳದ ಬಿರಡೆ ತೆಗೆದ. ಹಗ್ಗ ಉಜ್ಜುವ ಕಡೆಗೆಲ್ಲ ಹುಲ್ಲು ತುಂಬಿದ ಗೋಣಿ ಕಟ್ಟಿದ. ಬಿಸಿಲಿಗೆ ಹಲಗೆ ಒಣಗಿ ಸಂದಿ ಬಿಡುತ್ತದೆಂದು ಒದ್ದೆ ಗೋಣಿ ಹೊದಿಸಿದ. ಹಿಂದೆ ಕೆಂಪು ಬಟ್ಟೆ ಇಳಿಬಿಟ್ಟ. ಆದರೆ ನಾನು ಮಲಗಿದ್ದ ಟ್ರೇಲರ್‌ನಲ್ಲಿ ಇದ್ದದ್ದು ಅಡ್ಡಕ್ಕೆ ಎರಡೇ ಕಬ್ಬಿಣದ ತೊಲೆ. ಅವುಗಳ ಮೇಲೆ ಹಳೆಯ ಟೈರಿನ ತುಂಡು. ಇಡೀ ಕಡಲೇ ಹೊರುತ್ತಿದ್ದ ನನ್ನನ್ನು ಈಗ ಎರಡು ತೊಲೆ ಹೊರಬೇಕಿತ್ತು, ಮರಳಿನ ಸಮೇತ.

ಬಾಳೆಬರೆ ಘಾಟಿಯ ಮೊದಲ ತಿರುವಿನಲ್ಲೇ ನನಗೆ ಜೀವ ಬಾಯಿಗೆ ಬಂತು. ಮೂತಿ ಆಕಾಶಕ್ಕೆ, ಹಿಂಭಾಗ ಕಣಿವೆಯ ಮೇಲೆ. ಕೆಳಗೆ ನೀರಿಲ್ಲ, ಬರೀ ಗಾಳಿ. ಎದುರು ಬಂದ ಬಸ್ಸು ನನ್ನ ಪಕ್ಕೆಗೆ ಒಂದು ಗೇಣು ಬಿಟ್ಟು ಹೋಯಿತು. ಚೀಲಗಳು ಹಿಂದಕ್ಕೆ ಜಾರಿ ಹಿಂದಿನ ತೊಲೆಯ ಮೇಲೆ ಕುಳಿತವು. ಪ್ರತಿ ಗುಂಡಿಗೂ ಮರಳು ಮೇಲಿನಿಂದ ಗುದ್ದಿತು, ಕಬ್ಬಿಣ ಕೆಳಗಿನಿಂದ ಗುದ್ದಿತು. ನಡುವೆ ನಾನು.

ನಿಲ್ಲಿಸಿದಲ್ಲೆಲ್ಲ ಕುಷ್ಟ ಕೊಡದಲ್ಲಿ ನೀರು ತಂದು ನನ್ನ ಮೇಲೆ ಸುರಿದ. ಗೋಣಿ ನೀರು ಕುಡಿಯಿತು, ಮರಳೂ ಕುಡಿಯಿತು. ಭಾರ ಹೆಚ್ಚಿತು. ಅವನಿಗೆ ಅದು ಹೊಳೆಯಲಿಲ್ಲ. "ಕಂಡ್ಯಾ, ಕೊಣಿತ್ತಾ ಈಗ?" ಎಂದು ಹಸನಸಾಬನ ಕಡೆ ಗೆದ್ದವನಂತೆ ನೋಡಿದ. ನನ್ನ ಒಳಗಿನ ಒಂದು ಪಕ್ಕೆಲುಬು, ಹಲಗೆಗಳನ್ನು ಹಿಡಿದಿಟ್ಟ ಅಡ್ಡಮರ, ಆಗಲೇ ಕಿರ್ ಎನ್ನುತ್ತಿತ್ತು. ಕೂಗಿ ಹೇಳಲು ನನಗೆ ಬಾಯಿಲ್ಲ.

ಎರಡನೆಯ ದಿನ ಮಧ್ಯಾಹ್ನ, ನರಗುಂದ ದಾಟಿದ ಮೇಲೆ, ಬಣ್ಣ ಬಳಿಯದ ಒಂದು ರಸ್ತೆ ಉಬ್ಬು. ಹಸನಸಾಬ ಬ್ರೇಕ್ ಒತ್ತಿದ. ಜೀಪು ಹಾರಿತು. ಟ್ರೇಲರ್ ಹಾರಿತು. ನಾನೂ ಹಾರಿ ಬಿದ್ದೆ.

ಒಣ ಕೊಂಬೆ ಮುರಿದಂಥ ಸದ್ದು. ಜೀಪಿನಲ್ಲಿದ್ದ ಮೂವರಿಗೂ ಕೇಳಿಸಿತು.

ಕುಷ್ಟ ಕೆಟ್ಟ ಕಾಲೆಳೆಯುತ್ತ ಓಡಿ ಬಂದು ನನ್ನ ಕೆಳಗೆ ನುಸುಳಿದ. ಹಿಂದಿನ ತೊಲೆಯ ನೇರಕ್ಕೆ ಪಕ್ಕೆಲುಬು ಎರಡಾಗಿತ್ತು. ತಳದ ಹಲಗೆ ಮೊಳದುದ್ದ ಸೀಳಿತ್ತು. ಸೀಳಿನಿಂದ ಒದ್ದೆ ಮರಳು ಅವನ ಮುಖದ ಮೇಲೆ ಉದುರಿತು. ಅವನು ಒರೆಸಿಕೊಳ್ಳಲಿಲ್ಲ.

ಹಸನಸಾಬ ಬಾಯಿ ತೆರೆದ. ಯಂಕಪ್ಪ ಅವನ ತೋಳು ಹಿಡಿದ. "ಸುಮ್ನಿರು. ಮನಿ ಮಗ ಸತ್ತಂಗ ಕುಂತಾನ ಅಂವ."

ಕುಷ್ಟ ಒಬ್ಬನೇ ಎಂಟೂ ಚೀಲಗಳನ್ನು ಎಳೆದು ರಸ್ತೆಬದಿಗೆ ಎಸೆದ. ಯಾರನ್ನೂ ಮುಟ್ಟಗೊಡಲಿಲ್ಲ.

ಸಂಜೆಯ ಬಿಸಿಲು ಇರುವಾಗಲೇ ಹಿನ್ನೀರಿನ ದಡ ಸೇರಿದೆವು. ಊರಿನ ಜನ ತೆಂಗಿನಕಾಯಿ, ಕುಂಕುಮ ಹಿಡಿದು ಕಾದಿದ್ದರು. ಎಷ್ಟು ಸೋರುತ್ತದೆ ನೋಡೋಣವೆಂದು ಬಿರಡೆ ಹಾಕಿ ನನ್ನನ್ನು ನೀರಿಗಿಳಿಸಿದರು. ನೀರು ತಳಕ್ಕೆ ತಾಗಿದಾಗ ಒಂದು ಗಳಿಗೆ ನನ್ನ ಹೆದರಿಕೆ ಎಲ್ಲ ಹೋಯಿತು. ಮರುಗಳಿಗೆಗೆ ಅದೇ ನೀರು ಸೀಳಿನೊಳಗಿಂದ ನುಗ್ಗಿತು. ತೆಂಗಿನಕಾಯಿ ಹಿಡಿದಿದ್ದ ಹೆಂಗಸು ಅದನ್ನು ಒಡೆಯಲಿಲ್ಲ, ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

"ತಗಡು ಹೊಡ್ದು ಡಾಂಬರ್ ಬಳಿಯೂಣೇನು?" ಎಂದ ಹಸನಸಾಬ.

"ಮಂದಿ ಜೀವ ಐತೊ" ಎಂದ ಯಂಕಪ್ಪ. "ಹಂತಾದ್ರಾಗ ನಾ ಕೂಡಸೂದಿಲ್ಲ."

ನನ್ನನ್ನು ದಡಕ್ಕೆಳೆದು ಜಾಲಿಮರದ ಬುಡದಲ್ಲಿ ಕಲ್ಲುಗಳ ಮೇಲೆ ಕೂರಿಸಿದರು. ಎಷ್ಟೊಂದು ಕಲ್ಲು ಕೊಟ್ಟರು, ಮೈಯುದ್ದಕ್ಕೂ! ಅಂಥ ಆಸರೆಯನ್ನು ಗಂಗೊಳ್ಳಿಯಲ್ಲೇ ಟ್ರೇಲರ್ ಮೇಲೆ ಕೊಟ್ಟು, ಮರಳು ಇಳಿಸಿದ್ದರೆ ನಾನು ಈ ಹಿನ್ನೀರಿನಲ್ಲಿ ಈಗಲೂ ಓಡಾಡುತ್ತಿದ್ದೆ. ನನ್ನನ್ನು ಮುರಿದದ್ದು ರಸ್ತೆಯಲ್ಲ. ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಜೀವ ಇಟ್ಟವನ ಹಟ. ಮುದಿಯಾದರೂ ಆ ಸಿಟ್ಟು ನನಗೆ ಇಳಿದಿಲ್ಲ. ದೂರದಲ್ಲಿ ಗಾಡಿ ಗುಡುಗಿದರೆ ನನ್ನ ಹಲಗೆಗಳು ಇನ್ನೂ ನಡುಗುತ್ತವೆ.

ಅವತ್ತು ಸಂಜೆ ಯಂಕಪ್ಪನ ಹೆಂಡತಿ ದಡದ ಮನೆಯೆದುರು ರೊಟ್ಟಿ ತಟ್ಟುತ್ತಿದ್ದಳು. "ಉಂಡು ಹೋಗ್ರಿ ಅಣ್ಣಾರ" ಎಂದಳು.

ಕುಷ್ಟ ನನ್ನ ಸೀಳಿನ ಮೇಲೆ ಅಂಗೈ ಇಟ್ಟ.

"ಎಂಟ್ ದಿನ. ವಾಸು ಆಚಾರಿನ ಕರ್ಕಂಡ್ ಬತ್ತೆ. ಹೊಸ ಹಲಗಿ ಹಾಕ್ಸ್ತೆ" ಎಂದ. ಯಾರ ಮುಖವನ್ನೂ ನೋಡಲಿಲ್ಲ.

ಉಣ್ಣದೆ ಬಸ್ಸಿನ ರಸ್ತೆಯ ಕಡೆ ದಿಣ್ಣೆ ಹತ್ತಿದ. ಕೆಳಗಿನಿಂದ ನನಗೆ ಕಂಡದ್ದು ಅವನ ಎರಡು ಕಾಲು, ಒಂದು ನೆಟ್ಟಗೆ, ಒಂದು ಎಳೆಯುತ್ತ.

ಯಂಕಪ್ಪ ಎಂಟು ದಿನ ಕಾದ. ನೀರು ಏರಿತು. ಹರಗೋಲನ್ನೇ ಮತ್ತೆ ಹೊರತೆಗೆದ. ಕುಷ್ಟ ಬರಲಿಲ್ಲ, ಆಮೇಲೂ ಬರಲಿಲ್ಲ.