ಒಂದೂವರೆ ಟನ್ನಿನ ಹಕ್ಕು

ಕ್ಯಾಲನೂರಿನ ಅಶ್ವತ್ಥಪ್ಪನ ಮನೆಯಲ್ಲಿ ಹಿಂದಿನ ಕೋಣೆ ಯಾರದು ಎಂಬ ಪ್ರಶ್ನೆ ಹತ್ತು ವರ್ಷಗಳಿಂದ ಇತ್ಯರ್ಥವಾಗದೆ ಉಳಿದಿತ್ತು. ಅಪ್ಪನ ಕಾಲದಲ್ಲಿ ಅದು ದನದ ಕೊಟ್ಟಿಗೆ. ಆಗ ತಕರಾರಿರಲಿಲ್ಲ, ದನಗಳದ್ದೇ. ಆಮೇಲೆ ದನಗಳಿಗೆ ಹೊರಗೆ ಮಾಡು ಕಟ್ಟಿದರು. ಖಾಲಿಯಾದ ಕೋಣೆಗೆ ಅಶ್ವತ್ಥಪ್ಪ ಒಂದು ಚಿಕ್ಕ ಮಿಲ್ಲಿಂಗ್ ಮೆಷೀನು ತಂದ. ಅವನ ಹೆಂಡತಿ ವೆಂಕಟರತ್ನಮ್ಮ ರೇಷ್ಮೆಹುಳುವಿನ ತಟ್ಟೆಗಳನ್ನು ತಂದಳು. ತಾನೇ ಮೊದಲು ಎಂದು ಇಬ್ಬರೂ ಹೇಳುತ್ತಿದ್ದರು.

ಮಿಲ್ಲಿಂಗ್ ಮೆಷೀನು ಎಂದರೆ ಕಬ್ಬಿಣವನ್ನು ಕೆರೆದು ಹಲ್ಲು ಮೂಡಿಸುವ ಯಂತ್ರ. ಕೋಲಾರದ ಕಾರ್ಖಾನೆಯೊಂದರಲ್ಲಿ ಪಾಳಿ ಮುಗಿಸಿ ಬಂದ ಅಶ್ವತ್ಥಪ್ಪ, ಸಂಜೆ ಮನೆಯಲ್ಲಿ ಕಬ್ಬಿನ ಗಾಣಗಳಿಗೆ, ರೇಷ್ಮೆ ನೂಲು ತೆಗೆಯುವ ಚರಕಗಳಿಗೆ ಗಿಯರು ಕಡಿದು ಕೊಡುತ್ತಿದ್ದ. ಶ್ರೀನಿವಾಸಪುರದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಒಪ್ಪದ ಕೈ ಅವನದು.

ಹುಳುಗಳಿಗೆ ಇದರ ಬಗ್ಗೆ ಗೌರವವಿರಲಿಲ್ಲ. ಪೊರೆ ಬಿಡುವ ಮುಂಚೆ ಹುಳು ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಹೊಟ್ಟೆಬಾಕ, ಒಂದಿದ್ದ ತಟ್ಟೆ ಎರಡಾಗುತ್ತದೆ. ಆ ವಾರ ವೆಂಕಟರತ್ನಮ್ಮ ಬೀದಿಯ ನಾಲ್ವರು ಗಂಡಾಳುಗಳನ್ನು ಕರೆದು ಮೆಷೀನನ್ನು ಜಗಲಿಗೆ ಹೊರಿಸುತ್ತಿದ್ದಳು. ಅಶ್ವತ್ಥಪ್ಪ ಪಾಳಿಯಿಂದ ಬರುವ ಹೊತ್ತಿಗೆ ಅದು ಗೋಣಿಚೀಲ ಹೊದ್ದು, ಕರೆಯದೆ ಬಂದ ನೆಂಟನ ಹಾಗೆ ಜಗಲಿಯಲ್ಲಿ ಕೂತಿರುತ್ತಿತ್ತು.

“ಇದೇನೇ ಇದು?”

“ಹುಳಾ ಹಣ್ಣಾಗಿ ಗೂಡು ಕಟ್ಟೋವರ್ಗೂ ಇರ್ಲಿ ಬಿಡ್ರೀ. ನಿಮ್ ಮೆಷೀನಿಗೇನು ಹೊಟ್ಟೆ ಹಸಿಯುತ್ತಾ?”

ಒಂದೇ ವರ್ಷದಲ್ಲಿ ಮೂರನೆಯ ಸಲ ಹೀಗಾದಾಗ ಅಶ್ವತ್ಥಪ್ಪ ಜಗಳವಾಡಲಿಲ್ಲ, ಯೋಚಿಸಿದ. ನಾಲ್ಕು ಜನ ಎತ್ತಬಹುದಾದ ವಸ್ತುವಿಗೆ ಈ ಮನೆಯಲ್ಲಿ ಖಾಯಂ ಜಾಗವಿಲ್ಲ. ನಲವತ್ತು ಜನ ಬಂದರೂ ಜಪ್ಪಯ್ಯ ಎನ್ನದಂಥದ್ದು ಬೇಕು. ಅಂಥದ್ದು ಒಮ್ಮೆ ಒಳಗೆ ಕೂತರೆ ಕೋಣೆ ಯಾರದೆಂದು ಯಾರೂ ಕೇಳುವುದಿಲ್ಲ.

ಎಂಬತ್ತಮೂರರ ಆಷಾಢದಲ್ಲಿ ಅವನು ಮಾಲೂರಿಗೆ ಹೋದ. ಅಲ್ಲಿ ಆಂಜಿನಪ್ಪನೆಂಬುವನು ಹಳೆಯ ಯಂತ್ರಗಳನ್ನು ಮಾರುತ್ತಿದ್ದ. ಶೆಡ್ಡಿನ ಮೂಲೆಯಲ್ಲಿ ಆನೆಮರಿಯಂಥದ್ದೊಂದು ಮಿಲ್ಲಿಂಗ್ ಮೆಷೀನು ನಿಂತಿತ್ತು.

“ಒಂದೂವರೆ ಟನ್ನು ಅಣ್ಣಾ. ಮನೇಲಿಡೋಕೆ ಜಾಸ್ತಿ ಆಗಲ್ವಾ?” ಎಂದ ಆಂಜಿನಪ್ಪ.

“ಇದಕ್ಕಿಂತ ಭಾರದ್ದು ಇಲ್ವಾ?”

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಯಾವ ಗಿರಾಕಿಯೂ ಆಂಜಿನಪ್ಪನನ್ನು ಹೀಗೆ ಕೇಳಿರಲಿಲ್ಲ. ಆಷಾಢದಲ್ಲಿ ಯಾರೂ ಮನೆಗೆ ದೊಡ್ಡ ಸಾಮಾನು ತರುವುದಿಲ್ಲವಾದ್ದರಿಂದ ಮೆಷೀನು ಅಗ್ಗಕ್ಕೆ ಸಿಕ್ಕಿತು. ಚಿಕ್ಕದನ್ನು ಬದಲಿಗೆ ಕೊಡುವುದೆಂದು ಮಾತಾಯಿತು. “ಕಬ್ಬಿಣಕ್ಕೆ ಯಾವ ಆಷಾಢಾನಯ್ಯಾ!” ಎಂದು ಅಶ್ವತ್ಥಪ್ಪ ನಕ್ಕ.

ಮನೆಯಲ್ಲಿ, “ಈಗಿರೋದಕ್ಕಿಂತ ಒಂಚೂರು ದೊಡ್ಡದು,” ಎಂದಷ್ಟೇ ಹೇಳಿದ.

ವೆಂಕಟರತ್ನಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದವಳು ತಲೆಯೆತ್ತಲಿಲ್ಲ. “ಒಂಚೂರು ಅಂದ್ರೆ? ಎಷ್ಟು ಜನ ಎತ್ತಬೇಕು?”

“ಅದೇನೋ, ನೋಡ್ಬೇಕು.”

ಹಿಂದಿನ ಕೋಣೆಗೆ ಮುಂಬಾಗಿಲಿನಿಂದಲೇ ದಾರಿ. ಅವನು ಬಾಗಿಲಿನ ಅಗಲ ಅಳೆದ, ಎತ್ತರ ಅಳೆದ. ಎರಡು ಬೆರಳು ಮಿಕ್ಕಿತು. ಅಳೆಯದೆ ಬಿಟ್ಟದ್ದು ಒಂದೇ, ಹೊಸ್ತಿಲು. ನಲವತ್ತಾರು ವರ್ಷ ಕಾಲೆತ್ತಿ ದಾಟಿದ್ದು ಕಣ್ಣಿಗೆ ಬೀಳುವುದಿಲ್ಲ.

ಸೋಮವಾರ ಬೆಳಿಗ್ಗೆ ಲಾರಿ ಬಂತು. ಇಳಿಸಲು ಬೈರಕೂರಿನ ಕದಿರಪ್ಪ ಆರು ಜನರೊಂದಿಗೆ ಬಂದಿದ್ದ. ಚಪ್ಪಡಿ ಕಲ್ಲು ಸಾಗಿಸುವುದರಲ್ಲಿ ಎತ್ತಿದ ಕೈ. ಗೊಬ್ಬರ ಹೊಲಕ್ಕೆ ಹೋಗಿ ಅಂಗಳದಂಚಿನ ತಿಪ್ಪೆಗುಂಡಿ ಖಾಲಿಯಿತ್ತು. ಲಾರಿಯ ಹಿಂದಿನ ಗಾಲಿಗಳನ್ನು ಅದರೊಳಗೆ ಇಳಿಸಿದ್ದೇ ಲಾರಿಯ ಹಲಗೆ ಅಂಗಳದ ಮಟ್ಟಕ್ಕೆ ಬಂದು ನಿಂತಿತು. ಮೆಷೀನಿನ ಕೆಳಗೆ ಕಬ್ಬಿಣದ ಪೈಪುಗಳನ್ನು ತೂರಿಸಿ ಉರುಳಿಸತೊಡಗಿದರು.

“ಮೆಲ್ಲಗ... ಮೆಲ್ಲಗ... ಲಾಗು!” ಎಂದು ಕದಿರಪ್ಪ ಕೂಗಿದರೆ ಆರು ಜನ ಎಳೆಯುತ್ತಿದ್ದರು.

ಅಷ್ಟರಲ್ಲಿ ಬೀದಿಯ ಆ ನಾಲ್ವರೇ ಬಂದು ಚಿಕ್ಕ ಮೆಷೀನನ್ನು ಅಭ್ಯಾಸಬಲದಿಂದ ಜಗಲಿಗೆ ಹೊತ್ತರು. ಇದೇ ಕೊನೆಯ ಸಲವೆಂದು ತಿಳಿದು ಲಾರಿಗೂ ಹೊತ್ತರು. ಮಳೆ ಬಂದರೆ ತಿಪ್ಪೆಗುಂಡಿಯಿಂದ ಏಳುವುದು ಕಷ್ಟವೆಂದು ಡ್ರೈವರು ಹೊರಟುಹೋದ.

ಬಾಗಿಲಿಗೆ ಒಂದು ಮಾರು ಇರುವಾಗ ಕದಿರಪ್ಪನ ಕೂಗು ನಿಂತಿತು.

“ಅಣ್ಣಾ, ಹೊಸ್ತಿಲು.”

“ಇದ್ರೇನೀಗ?”

“ಇದು ಕಾಲೆತ್ತಿ ದಾಟಲ್ವಲ್ಲಾ.”

ವೆಂಕಟರತ್ನಮ್ಮ ಒಳಗಿನಿಂದ ಬಂದು ಹೊಸ್ತಿಲ ಆಚೆ ನಿಂತಳು. ಮೆಷೀನನ್ನು ಬುಡದಿಂದ ತುದಿಯವರೆಗೆ ನೋಡಿದಳು. ಒಂಚೂರು ಎಂಬ ಮಾತನ್ನು ಎತ್ತಲಿಲ್ಲ. ಅದೇ ಅಶ್ವತ್ಥಪ್ಪನಿಗೆ ಅನುಮಾನ ತಂದಿತು.

“ನಿಮ್ಮಪ್ಪ ಇದನ್ನ ತುಳೀಲಿಲ್ಲ, ನೀವು ತುಳೀಲಿಲ್ಲ. ಬಂದ ದಿನದಿಂದ ನಾನು ಅರಿಶಿನ ಕುಂಕುಮ ಇಟ್ಟಿದ್ದೀನಿ. ಈಗ ಈ ದಡಿಯ ತುಳೀತಾನಾ?”

“ಎರಡೂ ಕಡೆ ಇಳಿಜಾರು ಹಲಗೆ ಹಾಕ್ತೀನಿ ಕಣೇ. ಹೊಸ್ತಿಲಿಗೆ ತಾಕೋದೇ ಇಲ್ಲ.”

“ಹಲಗೆ ಹಾಕ್ಕೊಂಡು ತುಳಿದ್ರೂ ತುಳಿದಂಗೇ ಅಣ್ಣಾ,” ಎಂದ ಕದಿರಪ್ಪ, ಹಗ್ಗ ಕೆಳಗೆ ಹಾಕುತ್ತ. “ನಾನು ಗುಡಿ ಕಲ್ಲು ಸಾಗಿಸೋನು. ಈ ಪಾಪ ನಾಕೊದ್ದು ಸಾಮೀ.”

ಬೇಡವೆಂದರೆ ಬೇಡ. ಆರು ಜನರೂ ಹಗ್ಗ ಬಿಟ್ಟು ಬೀಡಿ ಹಚ್ಚಿದರು.

“ಹಂಗಾದ್ರೆ ಹೊಸ್ತಿಲು ಕಿತ್ತು, ಇದು ಒಳಗೆ ಹೋದ್ಮೇಲೆ ಕೂಡಿಸೋಣ.”

“ಧಾರಾಳವಾಗಿ ಕೀಳಿ,” ಎಂದಳು ವೆಂಕಟರತ್ನಮ್ಮ. “ಶ್ರಾವಣ ಬರ್ಲಿ.”

“ಲೇ, ಕಬ್ಬಿಣಕ್ಕೆ ಯಾವ ಆಷಾಢಾನೇ?”

“ಕಬ್ಬಿಣಕ್ಕಿಲ್ಲ. ಹೊಸ್ತಿಲು ಮರದ್ದು.”

ಕದಿರಪ್ಪನ ಜನ ಹೊಗೆ ನುಂಗಿ ಕೆಮ್ಮಿದರು. ಬಾಗಿಲಿಗೆ ಅಡ್ಡವಾಗದಂತೆ ಮೆಷೀನನ್ನು ಅಂಗಳದ ಎಡಕ್ಕೆ ಉರುಳಿಸಿ, ಕೆಳಗೆ ಚಪ್ಪಡಿ ಹಾಕಿ ಕೂರಿಸಿದರು. ಅಶ್ವತ್ಥಪ್ಪ ಅದಕ್ಕೆ ಮೈತುಂಬ ಗ್ರೀಸು ಬಳಿದು ಟಾರ್ಪಾಲು ಹೊದಿಸಿದ. ಅವನು ಕೈ ತೊಳೆದು ಒಳಗೆ ಹೋಗುವಷ್ಟರಲ್ಲಿ ಹಿಂದಿನ ಕೋಣೆಗೆ ಸುಣ್ಣ ಬಳಿದಾಗಿತ್ತು. ಗೋಡೆಯುದ್ದಕ್ಕೂ ತಟ್ಟೆಗಳಿದ್ದವು, ಮೊದಲಿಗಿಂತ ಇಪ್ಪತ್ತು ಹೆಚ್ಚು. ಅವನ್ನು ನೆರೆಮನೆಯ ಚಿಕ್ಕಗಂಗಮ್ಮನಿಂದ ಹಿಂದಿನ ದಿನವೇ ಕೇಳಿ ತಂದಿಟ್ಟಿದ್ದಳೆಂದು ಅವನಿಗೆ ಆಮೇಲೆ ತಿಳಿಯಿತು.

ಶ್ರಾವಣದ ಮೊದಲ ವಾರ ಕದಿರಪ್ಪ ಮಾತಿನಂತೆ ಬಂದ. ಬಡಗಿಯೂ ಬಂದ. ಆದರೆ ಕೋಣೆಯಲ್ಲಿ ಹೊಸ ಹುಳು ಎರಡನೇ ಜ್ವರದಲ್ಲಿತ್ತು. ಹುಳು ಇರುವ ಮನೆಯೊಳಗೆ ಹೊರಗಿನವರು ಹೋಗಕೂಡದು, ಎಣ್ಣೆ ವಾಸನೆ ಹೋಗಕೂಡದು, ಸ್ನಾನ ಮಾಡದೆ ಮನೆಯ ಯಜಮಾನನೂ ಹೋಗಕೂಡದು. ಮೆಷೀನು ಹೊರಗೆ ಹೋಗುವಾಗ ನೆನಪಾಗದ ಈ ಕಾನೂನು ಅದು ಒಳಗೆ ಬರುವಾಗ ನೆನಪಾಗಿತ್ತು, ಆದರೂ ಇದು ವೆಂಕಟರತ್ನಮ್ಮ ಮಾಡಿದ್ದಲ್ಲ, ಇಡೀ ತಾಲ್ಲೂಕಿನದು. ಅಶ್ವತ್ಥಪ್ಪನ ಅಮ್ಮನೇ ಸೊಸೆಗೆ ಕಲಿಸಿಕೊಟ್ಟಿದ್ದು. ಈ ಹುಳು ಗೂಡು ಕಟ್ಟಿ ಕೋಣೆ ಖಾಲಿಯಾಗುವ ಮೊದಲೇ ಮುಂದಿನ ಮೊಟ್ಟೆಗಳಿಗೆ ಹೇಳಿಯಾಗಿತ್ತು.

“ಏನ್ ಮಾಡಾಣ ಅಣ್ಣಾ?” ಎಂದ ಕದಿರಪ್ಪ.

ಅಶ್ವತ್ಥಪ್ಪ ಮೆಷೀನಿನ ಸುತ್ತ ಒಂದು ಸುತ್ತು ಬಂದ. ಭುಜ ಕೊಟ್ಟು ತಳ್ಳಿ ನೋಡಿದ. ನಲವತ್ತು ಜನ ಬಂದರೂ ಅಲ್ಲಾಡದಂಥದ್ದನ್ನೇ ಅವನು ಆರಿಸಿ ತಂದಿದ್ದ. ಆಮೇಲೆ ಆಕಾಶದ ಕಡೆ ನೋಡಿ ಗಂಟಲು ಸರಿಮಾಡಿಕೊಂಡ.

“ಒಳಗೆ ಬೆಳಕೇ ಇಲ್ಲ ಕಣೋ. ಗಿಯರಿನ ಹಲ್ಲಿಗೆ ಬೆಳಕು ಮುಖ್ಯ. ಇಲ್ಲೇ ನಾಲ್ಕು ಕಲ್ಲುಕಂಬ ನೆಟ್ಟು ಚಪ್ಪಡಿ ಹೊದಿಸಿಬಿಡು.”

“ಮೊದ್ಲಿಂದಾನೂ ಇದೇ ಯೋಚ್ನೆ ಇತ್ತಾ?”

“ಮತ್ತಿನ್ನೇನ್ಲಾ.”

ಕದಿರಪ್ಪ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ತಲೆಯಾಡಿಸಿದ. ನಾಲ್ಕು ದಿನದಲ್ಲಿ ಕಲ್ಲಿನ ಶೆಡ್ಡು ಎದ್ದಿತು. ಐದನೆಯ ದಿನ ಅಶ್ವತ್ಥಪ್ಪ ಮೊದಲ ಗಿಯರು ಕಡಿದ. ಹಲ್ಲುಗಳು ಬೆಣ್ಣೆಯಲ್ಲಿ ಬಿಡಿಸಿದಂತೆ ಬಂದವು. ದಾರಿಹೋಕರು ನಿಂತು ನೋಡಿದರು. ಬೆಳಕಿನ ಮಹತ್ವವನ್ನು ಅವನು ಪ್ರತಿಯೊಬ್ಬನಿಗೂ ವಿವರಿಸಿದ.

ವೆಂಕಟರತ್ನಮ್ಮ ಕಾಫಿ ತಂದುಕೊಟ್ಟು, ಕಂಬದಿಂದ ಕಂಬಕ್ಕೆ ನಡೆದು ನೋಡಿದಳು.

“ಗಾಳಿ ಚೆನ್ನಾಗಿ ಆಡುತ್ತೆ ಅಲ್ವಾ?”

“ಹೂಂ ಮತ್ತೆ!”

“ಬಿಸಿಲೂ ಬೀಳಲ್ಲ.”

“ಚಪ್ಪಡಿ ಅಂದ್ರೆ ಸುಮ್ನೇನಾ?”

“ಎಂಟು ಚಂದ್ರಿಕೆ ಆರಾಮಾಗಿ ನಿಲ್ಲುತ್ತೆ.”

ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟುವ ದೊಡ್ಡ ಬಿದಿರಿನ ತಟ್ಟಿ. ಅದಕ್ಕೆ ನೆರಳು ಬೇಕು, ಗಾಳಿ ಬೇಕು, ಮತ್ತು ಆ ನಾಲ್ಕೈದು ದಿನ ಹತ್ತಿರದಲ್ಲಿ ಯಾವ ಮೆಷೀನೂ ಓಡಬಾರದು. ಅಳತೆಯ ಮನುಷ್ಯ ಅಶ್ವತ್ಥಪ್ಪನಿಗೆ ಆ ಎಂಟು ಸಹಿಸಲಾಗಲಿಲ್ಲ.

“ಎಂಟೆಲ್ಲಿಂದ ಬಂತೇ? ಆರೇ ಹಿಡಿಸೋದು.”

“ಎಂಟು.”

“ಆರು ಅಂದ್ರೆ ಆರು!”

ಆರೋ ಎಂಟೋ ಎಂದು ಇಬ್ಬರೂ ಕಾಫಿ ತಣ್ಣಗಾಗುವವರೆಗೆ ವಾದಿಸಿದರು. ಆ ಗಲಾಟೆಯಲ್ಲಿ, ಒಂದೂ ಬೇಡ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ.