ಊಳಿಡುವ ಗಿಟಾರು

ಎರಡು ವರ್ಷದಿಂದ ಪ್ರತಿ ಮದುವೆ ಚಪ್ಪರದಲ್ಲೂ ಗಿಟಾರು ನುಡಿಸುವ ತಿಮ್ಮೇಶನ ಮಾನ ಹೋಗುತ್ತಿತ್ತು. ಆಂಪ್ಲಿಫೈಯರು ಕುಯ್ಯೋ ಎಂದಾಗಲೆಲ್ಲ, ಅವನಿದ್ದ ಪಾಂಡವಪುರದ ಆರ್ಕೆಸ್ಟ್ರಾದ ಯಜಮಾನನೂ ಹಾಡುಗಾರನೂ ಆದ ಚಿಕ್ಕಸಿದ್ದಯ್ಯ ಮೈಕಿನಲ್ಲೇ ಹೇಳಿಬಿಡುತ್ತಿದ್ದ: “ನಮ್ ತಿಮ್ಮೇಶನ ಗಿಟಾರು ಊಳಿಡ್ತಾ ಐತೆ, ಬೇಜಾರು ಮಾಡ್ಕಬೇಡಿ.” ಜನ ನಗುತ್ತಿದ್ದರು.

ಕೊನೆಗೆ ಇಬ್ಬರೂ ಈಕ್ವಲೈಸರ್ ಪೆಡಲ್ ಆರಿಸಲು ಮೈಸೂರಿನ ಅಂಗಡಿಗೆ ಹೋದರು. ಕೀರಲು ದನಿಯನ್ನಷ್ಟೇ ತಗ್ಗಿಸುವ ಡಬ್ಬಿ ಅದು. ತಿಮ್ಮೇಶನ ಕಿವಿಗೆ ಏಳು ಗುಂಡಿಯದು ಹಿಡಿಸಿತು.

“ಹತ್ತು ಗುಂಡೀದೇ ಕೊಡಿ. ಇವನಿಗೇನ್ ಗೊತ್ತಾಯ್ತದೆ,” ಎಂದ ಚಿಕ್ಕಸಿದ್ದಯ್ಯ.

ತಿಮ್ಮೇಶನ ಮೈ ಉರಿದುಹೋಯಿತು. ಆಗಲೇ ಅವನಿಗೆ ಹೊಳೆದದ್ದು: ಪೆಡಲ್ ಇಲ್ಲದೆ ನುಡಿಸಿದಾಗಲೂ ಅಂಗಡಿಯಲ್ಲಿ ಗಿಟಾರು ಒಮ್ಮೆಯೂ ಊಳಿಟ್ಟಿರಲಿಲ್ಲ. ಚಪ್ಪರದಲ್ಲಿ ಅದೇ ಆಂಪ್ಲಿಫೈಯರಿಗೆ ಸಿಕ್ಕಿಸಿ ಅದರ ಎದುರಲ್ಲೇ ನಿಲ್ಲಿಸುತ್ತಿದ್ದ ಚಿಕ್ಕಸಿದ್ದಯ್ಯನ ಮೈಕು ಅಲ್ಲಿ ಇರಲಿಲ್ಲ.

ಆ ಸಂಜೆ ಕ್ಯಾತನಹಳ್ಳಿಯ ಚಪ್ಪರದಲ್ಲಿ ಅವನು ಯಾರನ್ನೂ ಕೇಳದೆ ಆಂಪ್ಲಿಫೈಯರನ್ನು ಮೈಕಿನ ಎದುರಿನಿಂದ ದರದರ ಎಳೆದು, ಅದರ ಸದ್ದು ಮತ್ತೆ ಮೈಕಿಗೇ ನುಗ್ಗದಂತೆ ಜನರ ಕಡೆ ಮುಖ ಮಾಡಿಸಿದ. ಮೂರು ಹಾಡಾದರೂ ಅದು ಕುಯ್ ಎನ್ನಲಿಲ್ಲ.

“ನಾನ್ ಆರ್ಸಿದ ಪೆಡ್ಲು, ಎಂಗೈತೆ ನೋಡಿ,” ಎಂದು ಚಿಕ್ಕಸಿದ್ದಯ್ಯ ಬೀಗಿದ.

ತಿಮ್ಮೇಶ ಅವನ ಕೈಯಿಂದ ಮೈಕು ಕಿತ್ತುಕೊಂಡ. ಸೀಲು ಕೂಡ ಒಡೆಯದ ಹೊಸ ಪೆಡಲಿನ ಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಪೆಡ್ಲು ಇನ್ನೂ ಇದ್ರೊಳ್ಗೇ ಐತೆ. ಎರಡು ವರ್ಷ ಊಳಿಟ್ಟಿದ್ದು ಇವನ ಮೈಕು. ಬೇಜಾರು ಮಾಡ್ಕಬೇಡಿ.”