ಯಾರು ನೋಡಿದರು, ಯಾರನ್ನು ಕೇಳಲಿಲ್ಲ

ತೆಲುಗು ನಾಡಿನ ನಮ್ಮ ಕನ್ನಡ ಶಾಲೆಗೆ ಕನ್ನಡ ಪತ್ರಿಕೆ ರೈಲಿನಲ್ಲಿ ಬರುತ್ತದೆ. ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು ನಮ್ಮ ಕೈ ಸೇರುವ ಹೊತ್ತಿಗೆ ಅದು ನಿನ್ನೆಯದಾಗಿರುತ್ತದೆ. ತೆಲುಗು ಪತ್ರಿಕೆ ಮಾತ್ರ ಅಂದಂದೇ ಸಿಗುತ್ತದೆ. ಹಾಗಾಗಿ ಒಂಬತ್ತನೇ ತರಗತಿಯಲ್ಲಿ ನಾನೊಂದು ಪದ್ಧತಿ ಇಟ್ಟಿದ್ದೇನೆ. ಇತಿಹಾಸದ ಪಾಠಕ್ಕೆ ಮುಂಚೆ ದಿನಕ್ಕೊಬ್ಬರು ತೆಲುಗು ಪತ್ರಿಕೆಯಿಂದ ಒಂದು ಸುದ್ದಿ ಆರಿಸಿ, ಅದನ್ನು ಕನ್ನಡ ಮಾಡಿ, ಬೋರ್ಡಿನ ಎಡಮೂಲೆಯಲ್ಲಿ ಬರೆಯಬೇಕು. ಆಮೇಲೆ ಸುದ್ದಿ ಪುಸ್ತಕಕ್ಕೆ ಇಳಿಸಿ ಕೆಳಗೆ ಹೆಸರು ಹಾಕಬೇಕು. ಬರೆದವರನ್ನು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಇದನ್ನು ಹೇಳಿದವರು ಯಾರು? ಅವರು ಕಣ್ಣಾರೆ ನೋಡಿದ್ದರೇ? ಯಾರನ್ನು ಕೇಳದೆ ಬಿಟ್ಟರು?

ಈ ಮೂರು ಪ್ರಶ್ನೆ ಗೊತ್ತಿದ್ದವರು ರಾಜರಿಗೂ ಹೆದರಬೇಕಿಲ್ಲ, ಪತ್ರಿಕೆಗೂ ಹೆದರಬೇಕಿಲ್ಲ ಎಂದು ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೇಳುವುದು ಸುಲಭ.

ಇನ್ನೊಂದು ಪದ್ಧತಿ ಮೊಬೈಲಿನದು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಒಂದು ದಿನ ಬಂದರೆ ಎರಡು ದಿನ ಬರುವುದಿಲ್ಲ. ಅವರಿಗಾಗಿ ದಿನಾ ಮೂರೂವರೆಗೆ ಅಂದಿನ ಪಾಠ, ಮರುದಿನದ ಕೆಲಸ ಎರಡನ್ನೂ ನನ್ನ ದನಿಯಲ್ಲೇ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಮನೆಗೊಂದೇ ಫೋನು, ಅದು ಅಪ್ಪನ ಜೇಬಿನಲ್ಲಿರುತ್ತದೆ. ಅಪ್ಪ ಕೆಲಸದಿಂದ ಬಂದ ಮೇಲೆ ಮಕ್ಕಳು ಕೇಳುತ್ತಾರೆ. ಮಕ್ಕಳು ತಿರುಗಿ ಕಳಿಸಿದ್ದನ್ನು ನಾನು ಶನಿವಾರ ಕೂತು ಕೇಳುತ್ತೇನೆ.

ಅಂದು ಬುಧವಾರ. ಬರೆಯುವ ಸರದಿ ಗುರುಬಸವನದು. ತರಗತಿಯ ನಗೆಗಾರ ಅವನು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ: "ಫೋನ್ ಕೇಳುತ್ತ ಹದಿನಾಲ್ಕನೇ ಅಂತಸ್ತಿನಿಂದ ಬಿದ್ದು ಕಾರ್ಮಿಕ ಸಾವು. ಮಾದಾಪುರದ ಹೊಸ ಕಟ್ಟಡದಲ್ಲಿ ಮಂಗಳವಾರ ಮಧ್ಯಾಹ್ನ ಮೂರು ಮುಕ್ಕಾಲಿಗೆ ಘಟನೆ." ಹೆಸರಿರಲಿಲ್ಲ. ಪತ್ರಿಕೆಯಲ್ಲೇ ಇರಲಿಲ್ಲ.

"ಟೀಚರ್, ಹಲೋ ಅನ್ನೂದ್ರಾಗ ಅಂವ ನೇರ ಮ್ಯಾಲಿನವರಿಗೇ ಫೋನ್ ಹಚ್ಚಿಬಿಟ್ಟಾನ ನೋಡ್ರಿ" ಎಂದ ಗುರುಬಸವ. ಎಲ್ಲರೂ ನಕ್ಕರು. ನಾನು ಗದರಿದೆ, ಆದರೆ ತುಟಿಯ ಮೂಲೆಯಲ್ಲಿ ನನಗೂ ನಗು ಬಂದಿತ್ತು. ಆಮೇಲೆ ಐದು ನಿಮಿಷ ಫೋನಿನ ಚಟದ ಮೇಲೆ ಮಾತಾಡಿದೆ. ಕೆಲಸದ ಹೊತ್ತಿನಲ್ಲಿ ಜವಾಬ್ದಾರಿ, ಹೆಂಡತಿ ಮಕ್ಕಳ ಚಿಂತೆ, ಹೀಗೆಲ್ಲ. ಮೂರು ಪ್ರಶ್ನೆಗಳಲ್ಲಿ ಒಂದನ್ನೂ ಅಂದು ಕೇಳಲಿಲ್ಲ. ಸುದ್ದಿ ಪುಸ್ತಕಕ್ಕೆ ಸಹಿ ಹಾಕಿದೆ.

ಮಧ್ಯಾಹ್ನ ಹೆಡ್‌ಮಾಸ್ತರ ಸುಬ್ಬರಾಯರು ಬಂದು, ಸತ್ತವನು ನಮ್ಮ ಸೂಗಮ್ಮನ ಅಪ್ಪ ಹುಲಗೇಶ ಎಂದು ಹೇಳಿದರು.

ಸೂಗಮ್ಮ ಆ ವಾರ ಜ್ವರದಿಂದ ಬಂದಿರಲಿಲ್ಲ. ನಾನು ಸ್ಟಾಫ್ ರೂಮಿಗೆ ಹೋಗಿ ಫೋನು ತೆಗೆದೆ. ಮಂಗಳವಾರ ಮೂರು ಮೂವತ್ತೆರಡಕ್ಕೆ ನಾನು ಕಳಿಸಿದ ಪಾಠ. ಯಾರು ಯಾವಾಗ ಕೇಳಿದರು ಎಂದು ಅದರಲ್ಲಿ ಕಾಣುತ್ತದೆ. ಹುಲಗೇಶ, ಸೂಗಮ್ಮನ ಅಪ್ಪ: ಮೂರು ನಲವತ್ತೊಂದು. ಪತ್ರಿಕೆಯ ಪ್ರಕಾರ ಅವನು ಬಿದ್ದದ್ದು ಮೂರು ನಲವತ್ತೈದಕ್ಕೆ.

ನನ್ನ ದನಿ ನಾಲ್ಕು ನಿಮಿಷದ್ದು. ಫ್ರಾನ್ಸಿನ ಕ್ರಾಂತಿ, ಮೂರು ಪ್ರಶ್ನೆಗಳು.

ಮನುಷ್ಯನೊಬ್ಬ ನನ್ನ ಪಾಠ ಕೇಳುತ್ತ ಕೇಳುತ್ತ ಸತ್ತ ಎಂದು ನಾನು ನಂಬಿದೆ. ಮಗಳಿಗೆ ಹೇಳಬೇಕೆಂದು ಕೇಳುತ್ತಿದ್ದ, ಕಾಲು ಜಾರಿತು. ಶನಿವಾರ ಮಕ್ಕಳ ದನಿ ಕೇಳಲು ಫೋನು ಮುಟ್ಟಲಿಲ್ಲ. ಮುಂದಿನ ವಾರವೆಲ್ಲ ಯಾರಿಗೂ ಪಾಠ ಕಳಿಸಲಿಲ್ಲ.

ಹನ್ನೊಂದನೇ ದಿನ ಸೂಗಮ್ಮ ಬಂದಳು. ಊರಿಗೆ ಹೋಗಿ ಮಣ್ಣು ಮಾಡಿ ಬಂದಿದ್ದರು. ಬಿಟ್ಟುಹೋದ ಸುದ್ದಿಗಳನ್ನು ಬರೆದುಕೊಳ್ಳಲು ಸುದ್ದಿ ಪುಸ್ತಕ ಕೇಳಿದಳು. ಕೊಡಬಾರದಿತ್ತು, ಗುರುಬಸವ ಕೊಟ್ಟುಬಿಟ್ಟ. ಕೊಟ್ಟು, ತಲೆಯೆತ್ತದೆ ತನ್ನ ಜಾಗಕ್ಕೆ ಹೋಗಿ ಕೂತ.

ಓದಿದಳು. ಎರಡು ಸಲ ಓದಿದಳು. ಎದ್ದು ನಿಂತಳು.

"ಟೀಚರ್, ಇದನ್ನ ಹೇಳಿದವರು ಯಾರ್ರಿ?"

ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಿದ್ದಳು.

"ಅವರು ನೋಡ್ಯಾರೇನ್ರಿ? ಯಾರನ್ನ ಕೇಳ್ಯಾರ? ನನ್ನ ಕೇಳಿಲ್ಲ. ನಮ್ಮ ಅಪ್ಪನ ಕಡೆ ಫೋನೇ ಇದ್ದಿಲ್ಲರಿ. ಪಾಠ ತಪ್ಪತೈತಿ ಅಂತ ನನ್ನ ಕಡೆ ಬಿಟ್ಟು ಹೋಗಿದ್ದ."

ನಾನು ಕೈಯಲ್ಲಿದ್ದ ಚಾಕ್ ಮೇಜಿನ ಮೇಲಿಟ್ಟೆ.

"ಮತ್ತ ಅಪ್ಪನ ಜೋಡಿ ಕೆಲಸಕ್ಕಿದ್ದ ಅಮರಯ್ಯ ಮಾವ ಅಪ್ಪ ಬಿದ್ದಾನಂತ ಹೇಳಾಕ ಯಾವ ನಂಬರಿಗೆ ಹಚ್ಚಿದ? ಅಪ್ಪನ ನಂಬರಿಗೇ ಹಚ್ಚಿದ. ಎತ್ತಿದಾಕಿ ನಾನು." ಅವಳು ಅಳುತ್ತಿರಲಿಲ್ಲ. "ಮಂದಿ ಬೀಳಬಾರದಂತ ಅಲ್ಲಿ ಕಟ್ಟಿದ್ದ ಜಾಳಿಗಿ ಬಿಚ್ಚಿ ಕೆಳಗಿನ ಅಂತಸ್ತಿಗೆ ಒಯ್ದಿದ್ರಂತ. ಅಮರಯ್ಯ ಮಾವನೇ ಹೇಳ್ಯಾನ. ಅದು ಪೇಪರಿನಾಗ ಎಲ್ಲೈತಿ?"

ಸಂಜೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಕೂತು ಹತ್ತು ದಿನದ ಹಿಂದಿನ ಸಂದೇಶಗಳನ್ನು ತೆಗೆದೆವು. ಬೇರೆ ಮಕ್ಕಳ ದನಿಗಳ ನಡುವೆ, ನಾನು ಕೇಳದೆ ಬಿಟ್ಟಿದ್ದ ಅವಳ ದನಿ ಅಲ್ಲೇ ಇತ್ತು. ಮೂರು ನಲವತ್ತಾರು. "ಟೀಚರ್, ಮೂರನೇ ಪ್ರಶ್ನಿ ಇನ್ನೊಮ್ಮಿ ಹೇಳ್ರಿ. ರೈಲು ಹೊಂಟಿತ್ತು, ಕೇಳಿಸಲಿಲ್ಲ." ಹಿಂದೆ ಇನ್ನೂ ರೈಲಿನ ಸದ್ದು. ಕಾಚಿಗೂಡದ ಹಳಿಯ ಪಕ್ಕದ ಅವರ ಒಂಟಿ ಕೋಣೆ, ಜ್ವರದಲ್ಲಿದ್ದ ಹುಡುಗಿಯ ಕೀಚಲು ದನಿ. ಇದಕ್ಕಿಂತ ಗಟ್ಟಿ ಆಧಾರ ಯಾವ ಇತಿಹಾಸಕ್ಕೆ ಸಿಕ್ಕಿದೆ? ಶನಿವಾರ ಶನಿವಾರ ಕೇಳುವ ನನ್ನ ಶಿಸ್ತು ಆ ಒಂದು ಶನಿವಾರ ತಪ್ಪದಿದ್ದರೆ, ಅವಳ ಅಪ್ಪನಿಗೆ ಹತ್ತಿದ ಮಸಿಯಲ್ಲಿ ನನ್ನ ಬೆರಳು ಅಷ್ಟು ದಿನ ಇರುತ್ತಿರಲಿಲ್ಲ.

"ಇದನ್ನ ಪೊಲೀಸರಿಗೆ ತೋರಸೂಣು" ಎಂದೆ.

"ಅಪ್ಪಂದು ತಪ್ಪಿಲ್ಲ ಅಂತ ಬರೀಬೇಕ್ರಿ. ಅಷ್ಟ ಸಾಕು. ನನಗ ಬ್ಯಾರೇದೇನೂ ಬ್ಯಾಡ."

ಮರುದಿನಕ್ಕೆ ರಜೆ ಕೇಳಲು ಹೋದಾಗ ಸುಬ್ಬರಾಯರು ಕನ್ನಡಕ ತೆಗೆದು ಒರೆಸಿದರು. "ಮೇಡಂ, ಸಾಲಿಯೊಳಗ ಉಳಿದದ್ದ ಎಂಬತ್ತಾರು ಮಕ್ಕಳು. ಪೊಲೀಸು, ಕಂಪನಿ ಅಂತ ಹೋದ್ರ ನಾಳೆ ಎಂಬತ್ತಾರು ಎಪ್ಪತ್ತಾಗತಾವ. ನೀವು ಪಾಠ ಮಾಡ್ರಿ."

"ಪಾಠಾನ ಮಾಡಾಕತ್ತೀನ್ರಿ ಸರ" ಎಂದು ರಜೆ ಚೀಟಿ ಮೇಜಿನ ಮೇಲಿಟ್ಟೆ.

ಠಾಣೆಗೆ ಬಂದು ಸಾಕ್ಷಿ ಹೇಳೆಂದು ಕೇಳಿದರೆ ಅಮರಯ್ಯ ಒಪ್ಪಲಿಲ್ಲ. ತನ್ನ ಕೋಣೆಯ ಬಾಗಿಲಲ್ಲೇ ನಿಂತು ಸೂಗಮ್ಮನ ತಲೆ ಮೇಲೆ ಕೈಯಿಟ್ಟ. "ನಾ ಬಂದ್ರ ನನ್ನ ಜೋಡಿ ಹನ್ನೆರಡು ಮಂದಿನ ಕೆಲಸದಿಂದ ತಗೀತಾರ ಅಕ್ಕೋರ. ನನ್ನ ಬಾಯಿಗೆ ಬೀಗ ಬಿದ್ದೈತಿ." ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಬೇಕಾದವರು ಮಾತ್ರ ಎಲ್ಲೋ ಎಸಿಯಲ್ಲಿ ಕೂತಿದ್ದರು.

ಮರುದಿನ ಬೆಳಿಗ್ಗೆ ನಾನು, ಸೂಗಮ್ಮ, ಅವಳ ತಾಯಿ ಗದಿಗೆಮ್ಮ ಮೂವರೂ ಎರಡು ಬಸ್ಸು ಬದಲಿಸಿ ಠಾಣೆಗೆ ಹೋದೆವು. ಗದಿಗೆಮ್ಮ ದಾರಿಯುದ್ದಕ್ಕೂ ಸೆರಗು ಕಚ್ಚಿಕೊಂಡೇ ಕೂತಿದ್ದಳು. ಇಳಿಯುವಾಗ ಒಂದೇ ಮಾತಾಡಿದಳು. "ಅಕ್ಕೋರ, ನನ್ನ ಹೆಬ್ಬಟ್ಟು ಹಾಕಿಸಿಕೊಂಡಾರ್ರಿ. ದವಾಖಾನ್ಯಾಗ."

"ಯಾವುದಕ್ಕ?"

"ಹೆಣ ಕೊಡಾಕ ಅಂದ್ರು."

ಎಸ್‌ಐ ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ತೆಲುಗಿನಲ್ಲಿ ಮಾತಾಡಿದ. ಒರಟನಲ್ಲ. ಕುರ್ಚಿ ಹಾಕಿಸಿದ. ನಾನು ಸಮಯ ತೋರಿಸಿದೆ, ಸೂಗಮ್ಮನ ದನಿ ಕೇಳಿಸಿದೆ, ಅಮರಯ್ಯನ ಕರೆ ಬಂದ ಗಳಿಗೆ ತೋರಿಸಿದೆ. ಎಲ್ಲವನ್ನೂ ತಲೆಯಾಡಿಸಿ ಕೇಳಿದ. ಆಮೇಲೆ ಎದ್ದು ಕಪಾಟಿನಿಂದ ಒಂದು ಫೈಲು ತಂದು, ಒಂದು ಹಾಳೆ ಹೊರಗೆಳೆದು ನನ್ನ ಮುಂದಿಟ್ಟ.

"ಇದು ಸತ್ತವನ ಹೆಂಡತಿಯ ಹೇಳಿಕೆ. ಓದಿ ಮೇಡಂ."

ನಾನು ಕೈಗೆತ್ತಿಕೊಳ್ಳುವ ಮೊದಲೇ ಸೂಗಮ್ಮ ಎತ್ತಿಕೊಂಡಳು. ಅವಳಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ. ಬೋರ್ಡಿಗೆ ಸುದ್ದಿ ಬರೆಯುವಾಗ ಮಾಡುವಂತೆಯೇ ಒಂದೊಂದು ವಾಕ್ಯ ಮನಸ್ಸಿನಲ್ಲಿ ಓದಿ, ಕನ್ನಡ ಮಾಡಿ, ಅವ್ವನಿಗೆ ಹೇಳತೊಡಗಿದಳು.

"ನನ್ನ ಗಂಡ ಹುಲಗೇಶ... ಕೆಲಸದ ಹೊತ್ತಿನ್ಯಾಗೂ ಯಾವಾಗಲೂ ಫೋನಿನ್ಯಾಗ ಇರ್ತಿದ್ದ." ನಿಲ್ಲಿಸಿದಳು. ಮತ್ತೆ ಓದಿದಳು. "ನಾ ಭಾಳ ಸಲ ಬುದ್ಧಿ ಹೇಳಿದ್ದೆ. ಅಂದು ಸಹ ಫೋನ್ ಕೇಳ್ತಾ ತನ್ನ ಅಜಾಗರೂಕತಿಯಿಂದ ಬಿದ್ದ. ಇದರ ಬಗ್ಗೆ ನನಗ ಯಾರ ಮ್ಯಾಲೂ ಅನುಮಾನ ಇಲ್ಲ. ಯಾರ ಒತ್ತಾಯನೂ ಇಲ್ಲದ ಈ ಹೇಳಿಕಿ ಕೊಟ್ಟೀನಿ."

ಕೆಳಗೆ ನೇರಳೆ ಮಸಿಯ ಹೆಬ್ಬೆಟ್ಟು.

ಗದಿಗೆಮ್ಮ ಹಾಳೆಯನ್ನಲ್ಲ, ಮಗಳ ಬಾಯಿಯನ್ನು ನೋಡುತ್ತಿದ್ದಳು. "ನಾ ಹಂಗಂದಿಲ್ಲ."

"ಅವ್ವಾ..."

"ನಾ ಹಂಗಂದಿಲ್ಲವಾ! ಆ ಕಂಪನಿ ಸೂಪರ್‌ವೈಸರ್ ಅಂದ, ಗಾಡಿ ತಯಾರ್ ಐತಿ, ಇದರ ಮ್ಯಾಲ ಒತ್ತು, ಹೊತ್ತು ಮುಣಗೂದ್ರಾಗ ಊರು ಮುಟ್ಟತೀರಿ ಅಂದ. ಎರಡು ರಾತ್ರಿ ಆಗಿತ್ತು ಅಕ್ಕೋರ. ಹೆಣ ಮೂರನೇ ರಾತ್ರಿ ಇಡಬಾರದು. ಒತ್ತಿದೆ. ನಾನೇ ಒತ್ತಿದೆ."

ನಾನು ಎಸ್‌ಐಗೆ ತೆಲುಗಿನಲ್ಲಿ ಹೇಳಿದೆ. ಅವನು ಮುಖ ಉಜ್ಜಿಕೊಂಡ.

"ನೋಡಿ ಮೇಡಂ. ನೀವು ಹೇಳುವುದು ನಿಜವಿರಬಹುದು. ಆದರೆ ಹುಡುಗಿ ಹೇಳುವುದು ನಿಜವಾದರೆ ತಾಯಿ ಪೊಲೀಸರಿಗೆ ಸುಳ್ಳು ಹೇಳಿದಂತೆ. ಹಾಗಂತ ಬರೆದರೆ ಈ ಅಮ್ಮನ ಮೇಲೆ ಕೇಸು ಬರುತ್ತದೆ. ಗಂಡ ಹೋಗಿದ್ದಾನೆ. ಇವಳೂ ಕೋರ್ಟಿಗೆ ಅಲೆದರೆ ಈ ಹುಡುಗಿಯ ಗತಿ ಏನು? ನೀವೇ ಯೋಚಿಸಿ."

ಇಷ್ಟು ಮೃದುವಾಗಿ ಮನುಷ್ಯನ ಕತ್ತು ಹಿಸುಕಬಹುದು ಎಂದು ನನಗೆ ಗೊತ್ತಿರಲಿಲ್ಲ.

ಸೂಗಮ್ಮನಿಗೆ ಅರ್ಥವಾಗಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟಳು. "ಬ್ಯಾಡ್ರಿ ಟೀಚರ್. ಹೋಗೂಣ ನಡೀರಿ."

"ಏನಂದ ಅಂವ?" ಎಂದಳು ಗದಿಗೆಮ್ಮ.

"ಏನಿಲ್ಲ ಅವ್ವ."

"ಅಕ್ಕೋರ, ನೀವರ ಹೇಳ್ರಿ. ಏನಂದ?"

ಹೇಳಿದೆ. ಮಗು ಮುಚ್ಚಿಟ್ಟದ್ದನ್ನು ನಾನು ಹೇಳಿದೆ. ಸರಿಯೋ ತಪ್ಪೋ ಇಂದಿಗೂ ತಿಳಿಯದು. ಆದರೆ ಗದಿಗೆಮ್ಮನ ಬಾಯಿಯಿಂದ ಬಾರದ ಮಾತನ್ನು ಅವಳದೇ ಎಂದು ಬರೆದವರು ಆಗಲೇ ಬೇಕಾದಷ್ಟಿದ್ದರು. ಅವಳಿಗೆ ತಿಳಿಸದೆ ಬಿಡುವವರ ಸಾಲಿಗೆ ನಾನೂ ಸೇರಲಾರೆ ಅನ್ನಿಸಿತು.

ಗದಿಗೆಮ್ಮ ಕುರ್ಚಿಯಿಂದ ಎದ್ದಳು. ಕಚ್ಚಿದ್ದ ಸೆರಗು ಬಿಟ್ಟಳು. ಕನ್ನಡದಲ್ಲೇ, ನೇರ ಅವನನ್ನೇ ನೋಡುತ್ತ ಹೇಳಿದಳು.

"ಬರ್ಕೋರಿ ಸಾಹೇಬರ. ನಾ ಸುಳ್ಳಿಗೆ ಹೆಬ್ಬಟ್ಟು ಒತ್ತೀನಿ. ನನ್ನ ಮ್ಯಾಲ ಕೇಸ್ ಹಾಕ್ರಿ. ಜೇಲಿಗೆ ಹಾಕ್ರಿ. ಕೆಲಸ ಮಾಡಿ ಉಣ್ಣಾಕಿ ನಾ, ಅಲ್ಲಿನೂ ಮಾಡ್ತೀನಿ. ಆದ್ರ ಅವನ ಕಡೆ ಫೋನ್ ಇದ್ದಿಲ್ಲ ಅಂತ ಮದಲ ಬರೀರಿ."

ಭಾಷಾಂತರ ಬೇಕಾಗಲಿಲ್ಲ. ಎಸ್‌ಐ ಪೆನ್ನು ಎತ್ತಿಕೊಂಡ. ಒಂದು ಕ್ಷಣ, ನಿಜವಾಗಿ ಒಂದು ಕ್ಷಣ, ಬರೆಯುತ್ತಾನೆ ಎಂದುಕೊಂಡೆ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡ.

"ನಿಮ್ಮ ಮೇಲೆ ಕೇಸು ಬರೆದರೆ ಆ ಫೈಲು ಮತ್ತೆ ತೆರೆಯಬೇಕಾಗುತ್ತದೆ ಅಮ್ಮಾ. ಅದು ಮುಗಿದಿದೆ. ನಿಮ್ಮ ಮೇಲೆ ನಾನು ಏನೂ ಬರೆಯುವುದಿಲ್ಲ. ಹೋಗಿ."

"ನನ್ನ ಅರ್ಜಿಯನ್ನಾದರೂ ತೆಗೆದುಕೊಂಡು ಮುದ್ರೆ ಹಾಕಿ ಕೊಡಿ" ಎಂದೆ ನಾನು. ಅರ್ಜಿ ತೆಗೆದುಕೊಂಡ. ಮುದ್ರೆ ಹಾಕಲಿಲ್ಲ. ನೋಡೋಣ ಎಂದ.

ಲೇಬರ್ ಆಫೀಸಿಗೆ ಹೋದೆವು. ಅಲ್ಲಿಂದ ಕಮಿಷನರ ಕಚೇರಿಗೆ. ಎರಡು ಕಡೆಯೂ ಕೇಳಿದ್ದು ಠಾಣೆಯ ಕಾಗದ. ಕಾಗದದಲ್ಲಿ ಗದಿಗೆಮ್ಮನ ಹೆಬ್ಬೆಟ್ಟು. ಪತ್ರಿಕೆಗೆ ನಾನು ಬರೆದ ಪತ್ರ ಅಚ್ಚಾಗಲಿಲ್ಲ. ದೀಪಾವಳಿಗೆ ಮುಂಚೆ ಸೂಗಮ್ಮ ಶಾಲೆ ಬಿಟ್ಟಳು. ತಾಯಿ ಮಗಳಿಬ್ಬರೂ ಶಂಶಾಬಾದಿನ ಕಡೆ ಎಲ್ಲೋ ಹೊಸ ಮನೆಗಳ ಕೆಲಸಕ್ಕೆ ಹೋಗುತ್ತಾರೆಂದು ಅಮರಯ್ಯ ಹೇಳಿದ.

ಆ ದಿನ ಠಾಣೆಯ ಹೊರಗೆ ಬಿಸಿಲು ಜೋರಾಗಿತ್ತು. ಗದಿಗೆಮ್ಮ ನಾಲ್ಕು ಹೆಜ್ಜೆ ನಡೆದು ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ಗಂಡ ಸತ್ತಾಗ ಅತ್ತಿರಲಿಲ್ಲವಂತೆ, ಮಣ್ಣು ಮಾಡುವಾಗಲೂ ಅತ್ತಿರಲಿಲ್ಲವಂತೆ. ಈಗ ಅತ್ತಳು. ಹಾಡಿಕೊಂಡು ಅಳುವ ನಮ್ಮ ಕಡೆಯ ಹೆಂಗಸರ ಅಳು ಅದಲ್ಲ. ಮಾತೇ ಇಲ್ಲದ ಅಳು.

"ಸುಳ್ಳು ಹೇಳಿದಾಕಿ ಅಂತನೂ ಬರ್ಕೊಳ್ಳಲಿಲ್ಲ ಟೀಚರ್, ನಮ್ಮವ್ವನ್ನ" ಎಂದಳು ಸೂಗಮ್ಮ. ತಾಯಿಯ ಪಕ್ಕದಲ್ಲಿ ಕೂತು, ತನ್ನ ನೆರಳು ಅವಳ ಮುಖದ ಮೇಲೆ ಬೀಳುವಂತೆ ಸರಿದುಕೊಂಡಳು. ಕ್ಯಾಬುಗಳು ಹಾರ್ನ್ ಹೊಡೆಯುತ್ತ ಹೋಗುತ್ತಿದ್ದವು. ನಾನು ಅವರ ಪಕ್ಕ ನೆಲದ ಮೇಲೆ ಕೂತೆ.